ಕೆಲಸದ ಗಂಟೆ ಇಳಿದು ಬೆಲೆ ಏರಿದಾಗ: ಮನೆಯ ಲೆಕ್ಕವನ್ನು ಮರುಹೊಂದಿಸುವ ಸಮಗ್ರ ಮಾರ್ಗದರ್ಶಿ

ಬೆಲೆ ಏರಿಕೆಯೂ ಕೆಲಸದ ಗಂಟೆಗಳ ಕಡಿತವೂ ಒಟ್ಟಿಗೆ ಬಂದಾಗ ಎರಡನ್ನೂ ಒಂದೇ ಕಷ್ಟವೆಂದು ಎಣಿಸುವುದು ಸಹಜ. ಆದರೆ ಎರಡರ ನಡೆ ಬೇರೆ ಬೇರೆ. ಬೆಲೆ ತಿಂಗಳಿಂದ ತಿಂಗಳಿಗೆ ಇಷ್ಟಿಷ್ಟೇ ಏರುತ್ತದೆ, ನಾವು ಗೊಣಗುತ್ತಲೇ ಅದಕ್ಕೆ ಒಗ್ಗಿಕೊಳ್ಳುತ್ತೇವೆ. ಗಂಟೆಗಳ ಕಡಿತ ಹಾಗಲ್ಲ, ಒಂದು ಸೂಚನಾಪತ್ರದೊಂದಿಗೆ ಬಂದು ಮುಂದಿನ ಸಂಬಳದಲ್ಲೇ ಕಾಣಿಸಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೇನೋ ಇದೆ. ಕಾಲು ಚಾಚಿ ಮಲಗಿದವರ ಹಾಸಿಗೆಯನ್ನು ನಡುರಾತ್ರಿ ಕತ್ತರಿಸಿದರೆ ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ. ಈ ಮಾರ್ಗದರ್ಶಿ ಅಂಥ ರಾತ್ರಿಯ ಮರುದಿನದಿಂದ ಆರಂಭವಾಗುತ್ತದೆ. ಇಲ್ಲಿನ ಹೆಜ್ಜೆಗಳನ್ನು ಆದಷ್ಟು ಇದೇ ಕ್ರಮದಲ್ಲಿ ಇಡುವುದು ಒಳ್ಳೆಯದು, ಏಕೆಂದರೆ ಮೊದಲಿನ ಎರಡನ್ನು ಬಿಟ್ಟು ನೇರವಾಗಿ ಖರ್ಚು ಕತ್ತರಿಸಲು ಹೊರಟವರು ಸಾಮಾನ್ಯವಾಗಿ ತಪ್ಪು ಜಾಗದಲ್ಲೇ ಕತ್ತರಿಸುತ್ತಾರೆ.

ಹೆಜ್ಜೆ 1: ಪೆಟ್ಟಿನ ನಿಜವಾದ ಅಳತೆ

ಆದಾಯ ಐದರಲ್ಲಿ ಒಂದು ಪಾಲು ಇಳಿದರೆ ಖರ್ಚನ್ನೂ ಐದರಲ್ಲಿ ಒಂದು ಪಾಲು ಇಳಿಸಿದರಾಯಿತು ಎಂದು ಲೆಕ್ಕ ಹಾಕುವವರೇ ಹೆಚ್ಚು. ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ತಿಂಗಳ ಆದಾಯ 100 ಎಂದಿಟ್ಟುಕೊಳ್ಳಿ. ಅದರಲ್ಲಿ ಬಾಡಿಗೆ, ಸಾಲದ ಕಂತು, ಶಾಲೆಯ ಶುಲ್ಕ, ವಿಮೆಯ ಕಂತು ಮೊದಲಾದ ಸ್ಥಿರ ಖರ್ಚು 55. ಉಳಿದ 45 ದಿನಸಿ, ಓಡಾಟ, ಬಟ್ಟೆ, ಔಷಧಿ ಇತ್ಯಾದಿ ದಿನವಹಿ ಖರ್ಚಿಗೆ. ಕೆಲಸದ ಗಂಟೆ ಶೇ. 20ರಷ್ಟು ಇಳಿದು ಆದಾಯ 80ಕ್ಕೆ ಬಂದಿತು. ಸ್ಥಿರ ಖರ್ಚು ತನ್ನ 55ನ್ನು ಬಿಟ್ಟುಕೊಡುವುದಿಲ್ಲ, ಆದ್ದರಿಂದ ದಿನವಹಿ ಖರ್ಚಿಗೆ ಉಳಿಯುವುದು 25 ಮಾತ್ರ. ಇಷ್ಟರಲ್ಲಿ ಬೆಲೆಗಳು ಶೇ. 8ರಷ್ಟು ಏರಿವೆ, ಅಂದರೆ ಹಿಂದೆ 45ಕ್ಕೆ ಸಿಗುತ್ತಿದ್ದ ಸಾಮಾನಿಗೆ ಈಗ 48.6 ಬೇಕು. ಕೈಯಲ್ಲಿರುವ 25ಕ್ಕೆ ಹಳೆಯ ಚೀಲದ ಅರ್ಧವಷ್ಟೇ ತುಂಬುತ್ತದೆ. ಸಂಬಳದ ಚೀಟಿಯಲ್ಲಿ ಐದರಲ್ಲಿ ಒಂದು ಪಾಲಾಗಿದ್ದ ಕಡಿತ ಅಡುಗೆಮನೆ ತಲುಪುವ ಹೊತ್ತಿಗೆ ಸುಮಾರು ಅರ್ಧದಷ್ಟಾಗಿರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ದಾರಿಯೂ ಕಾಣುತ್ತದೆ. ಸ್ಥಿರ ಖರ್ಚನ್ನು ಹೇಗಾದರೂ 55ರಿಂದ 45ಕ್ಕೆ ಇಳಿಸಲು ಸಾಧ್ಯವಾದರೆ ದಿನವಹಿ ಖರ್ಚಿಗೆ 35 ಉಳಿಯುತ್ತದೆ ಮತ್ತು ಹಳೆಯ ಚೀಲದ ಶೇ. 72ರಷ್ಟು ತುಂಬುತ್ತದೆ. ಚಹಾ ಬಿಡುವುದು, ಪತ್ರಿಕೆ ನಿಲ್ಲಿಸುವುದು ಮುಂತಾದ ಎಷ್ಟು ಸಣ್ಣ ತ್ಯಾಗಗಳನ್ನು ಒಟ್ಟು ಮಾಡಿದರೂ ಈ ಮಟ್ಟದ ವ್ಯತ್ಯಾಸ ಬರುವುದು ಕಷ್ಟ. ಈ ಬರಹದುದ್ದಕ್ಕೂ ನಾನು ಸ್ಥಿರ ಖರ್ಚಿನ ಕಡೆಗೇ ಮತ್ತೆ ಮತ್ತೆ ಬೆರಳು ತೋರಿಸುವುದಕ್ಕೆ ಕಾರಣ ಇದೇ.

ಅಳತೆ ಮಾಡುವಾಗ ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಮೊದಲನೆಯದು ಓವರ್‌ಟೈಮ್. ವಾರಕ್ಕೆ 48 ಗಂಟೆಯ ಜೊತೆಗೆ ಒಂದೂವರೆ ಪಟ್ಟು ದರದಲ್ಲಿ 6 ಗಂಟೆ ಓವರ್‌ಟೈಮ್ ಮಾಡುತ್ತಿದ್ದವರಿಗೆ ದೊರೆಯುತ್ತಿದ್ದುದು 57 ಗಂಟೆಯ ಕೂಲಿ. ಕೆಲಸ 40 ಗಂಟೆಗೆ ಇಳಿದರೆ ಗಂಟೆಗಳ ಲೆಕ್ಕದಲ್ಲಿ ಕಡಿತ ಶೇ. 26, ಹಣದ ಲೆಕ್ಕದಲ್ಲಿ ಶೇ. 30. ಎರಡನೆಯದು ಹಣದುಬ್ಬರದ ಸುದ್ದಿ. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದು ಅರ್ಥವಲ್ಲ. ಏರುವ ವೇಗ ತಗ್ಗಿತು ಎಂದಷ್ಟೇ ಅರ್ಥ. ಒಂದು ವರ್ಷ ಶೇ. 10, ಮರುವರ್ಷ ಶೇ. 3 ಎಂದಾದರೆ ಎರಡು ವರ್ಷಗಳಲ್ಲಿ ಬೆಲೆ ಶೇ. 13.3ರಷ್ಟು ಏರಿದೆ ಮತ್ತು ಅಲ್ಲೇ ನಿಂತಿದೆ. ಆದ್ದರಿಂದ ಬೆಲೆಗಳು ಹಿಂದಿನ ಮಟ್ಟಕ್ಕೆ ಮರಳುತ್ತವೆ ಎಂದು ಕಾಯುತ್ತಾ ಕೂರುವ ಯೋಜನೆ ಯೋಜನೆಯೇ ಅಲ್ಲ.

ಹೆಜ್ಜೆ 2: ಕಡಿತದ ವಿವರವನ್ನು ಬರಹದಲ್ಲಿ ಪಡೆಯುವುದು

ಮೇಲಧಿಕಾರಿ ನಡೆದಾಡುತ್ತಾ ಹೇಳಿದ ಮಾತನ್ನು ನಂಬಿ ಮನೆಯ ಲೆಕ್ಕ ಬರೆಯಲು ಆಗುವುದಿಲ್ಲ. ಕಡಿತ ಯಾವ ದಿನದಿಂದ, ಎಷ್ಟು ಕಾಲ, ವಾರಕ್ಕೆ ಕನಿಷ್ಠ ಎಷ್ಟು ಗಂಟೆ ಖಚಿತ, ಶಿಫ್ಟಿನ ಪಟ್ಟಿ ಎಷ್ಟು ದಿನ ಮೊದಲು ಕೈಸೇರುತ್ತದೆ, ಗಂಟೆ ಇಳಿದರೆ ವಿಮೆ, ರಜೆ, ನಿವೃತ್ತಿ ನಿಧಿಯ ಪಾಲು ಇಳಿಯುತ್ತದೆಯೇ, ಬಿಡುವಿನ ದಿನಗಳಲ್ಲಿ ಬೇರೆ ಕಡೆ ದುಡಿಯಲು ಅಡ್ಡಿಯಿದೆಯೇ ಎಂಬ ಪ್ರಶ್ನೆಗಳನ್ನು ಸೌಜನ್ಯದಿಂದ, ಆದರೆ ಬರಹದಲ್ಲಿ ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ, “ತಾವು ತಿಳಿಸಿದಂತೆ ಹೀಗೆಂದು ಅರ್ಥಮಾಡಿಕೊಂಡಿದ್ದೇನೆ” ಎಂದು ಒಂದು ಸಾಲಿನ ಸಂದೇಶ ಕಳುಹಿಸಿಟ್ಟುಕೊಳ್ಳಿ. ಕೆಲಸದ ಕರಾರುಪತ್ರದಲ್ಲಿ ಗಂಟೆಗಳ ಬಗ್ಗೆ ಏನು ಬರೆದಿದೆ ಎಂಬುದನ್ನು ಸಹಿ ಹಾಕಿದ ದಿನದ ನಂತರ ಒಮ್ಮೆಯೂ ಓದಿರದಿದ್ದರೆ ಈಗ ಓದಬೇಕು. ಗಂಟೆಗಳನ್ನು ಏಕಪಕ್ಷೀಯವಾಗಿ ಇಳಿಸಲು ಅವಕಾಶವಿದೆಯೇ ಎಂಬುದು ಆ ಪತ್ರವನ್ನೂ ಆಯಾ ದೇಶದ ಕಾರ್ಮಿಕ ಕಾನೂನನ್ನೂ ಅವಲಂಬಿಸಿರುತ್ತದೆ. ಕಾರ್ಮಿಕ ಸಂಘವಿದ್ದಲ್ಲಿ ಇದನ್ನು ಮೊದಲು ಕೇಳಬೇಕಾದದ್ದು ಅಲ್ಲೇ.

ಕಡಿತವನ್ನು ತಪ್ಪಿಸಲಾಗದಿದ್ದರೂ ಅದರ ಆಕಾರವನ್ನು ಬದಲಿಸಲು ಕೇಳಬಹುದು, ಇದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ವಾರಕ್ಕೆ 30 ಗಂಟೆ ಎಂದರೆ ದಿನಕ್ಕೆ ಆರು ಗಂಟೆಯಂತೆ ಐದು ದಿನವೂ ಆಗಬಹುದು, ಏಳೂವರೆ ಗಂಟೆಯಂತೆ ನಾಲ್ಕು ದಿನವೂ ಆಗಬಹುದು. ಸಂಬಳ ಎರಡರಲ್ಲೂ ಒಂದೇ. ಆದರೆ ನಾಲ್ಕು ದಿನದ ವ್ಯವಸ್ಥೆಯಲ್ಲಿ ಒಂದು ದಿನದ ಓಡಾಟದ ಖರ್ಚು, ಹೊರಗಿನ ಊಟ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ ಉಳಿಯುತ್ತದೆ. ಜೊತೆಗೆ ಬೇರೆ ದುಡಿಮೆಗೆ ಒಂದು ಇಡೀ ದಿನ ಸಿಗುತ್ತದೆ.

ಕೆಲವು ದೇಶಗಳಲ್ಲಿ ಇಂಥ ಕಡಿತಕ್ಕೆ ಸರ್ಕಾರದ ನೆರವೂ ಇದೆ. ಜರ್ಮನಿಯ ‘ಕುರ್ತ್ಸ್‌ಆರ್ಬೈಟ್’ ವ್ಯವಸ್ಥೆಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯುವ ಬದಲು ಗಂಟೆ ಇಳಿಸಿದಾಗ, ಕಳೆದುಕೊಂಡ ನಿವ್ವಳ ಸಂಬಳದ ಶೇ. 60ರಷ್ಟನ್ನು, ಮಕ್ಕಳಿರುವವರಿಗೆ ಶೇ. 67ರಷ್ಟನ್ನು ಸಾರ್ವಜನಿಕ ನಿಧಿಯಿಂದ ತುಂಬಿಕೊಡಲಾಗುತ್ತದೆ. 2008-09ರ ಆರ್ಥಿಕ ಕುಸಿತದಲ್ಲೂ 2020ರ ಸಾಂಕ್ರಾಮಿಕದ ಸಮಯದಲ್ಲೂ ಅದು ದೊಡ್ಡ ಪ್ರಮಾಣದಲ್ಲಿ ಬಳಕೆಯಾಯಿತು. ನಿಮ್ಮಲ್ಲಿ ಇದಕ್ಕೆ ಸಮನಾದದ್ದು ಇದೆಯೇ, ಭಾಗಶಃ ನಿರುದ್ಯೋಗಕ್ಕೆ ಭತ್ಯೆ ಇದೆಯೇ, ಆದಾಯ ಇಳಿದವರಿಗೆ ಬಾಡಿಗೆ ಅಥವಾ ಪಡಿತರದ ನೆರವಿದೆಯೇ ಎಂದು ಮೊದಲ ವಾರದಲ್ಲೇ ವಿಚಾರಿಸಿ. ಇಂಥ ನೆರವು ಹಲವು ಕಡೆ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುವುದರಿಂದ, ಸಂಕೋಚದಲ್ಲಿ ಕಳೆದ ವಾರಗಳು ಮರಳಿ ಸಿಗುವುದಿಲ್ಲ.

ಹೆಜ್ಜೆ 3: ದಿನಾಂಕಗಳ ಹಾಳೆ

ಖರ್ಚು ಬರೆದಿಡಿ ಎಂಬ ಸಲಹೆ ಹೊಸದಲ್ಲ. ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ ಗೃಹಿಣಿಯರಿಗಾಗಿ ಮನೆಯ ಲೆಕ್ಕದ ಪುಸ್ತಕವನ್ನು ಹೊರತಂದದ್ದು 1904ರಲ್ಲಿ. ಆದರೆ ಇಕ್ಕಟ್ಟಿನ ಕಾಲದಲ್ಲಿ ಮೊತ್ತಕ್ಕಿಂತ ದಿನಾಂಕವೇ ಹೆಚ್ಚು ಕಾಡುತ್ತದೆ. ತಿಂಗಳ ಒಟ್ಟು ಆದಾಯ ಒಟ್ಟು ಖರ್ಚಿಗೆ ಸಾಕಾಗುತ್ತಿದ್ದರೂ, 5ನೇ ತಾರೀಖು ಕಂತು ಕಟ್ಟಬೇಕಿದ್ದು ಸಂಬಳ 7ಕ್ಕೆ ಬಂದರೆ ಆ ಎರಡು ದಿನಗಳಿಗೆ ದಂಡ ತೆರಬೇಕಾಗುತ್ತದೆ.

ಒಂದು ದೊಡ್ಡ ಹಾಳೆಯಲ್ಲಿ 1ರಿಂದ 31ರವರೆಗೆ ಸಾಲು ಎಳೆಯಿರಿ. ಎಡಕ್ಕೆ ಬರುವ ಹಣ, ಬಲಕ್ಕೆ ಹೋಗುವ ಹಣ, ಕೊನೆಯಲ್ಲಿ ಆ ದಿನದ ಉಳಿಕೆ. ಕಳೆದ ಮೂರು ತಿಂಗಳ ಬ್ಯಾಂಕ್ ವಿವರಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ತಾನಾಗಿಯೇ ಕಡಿತವಾಗುವ ಪ್ರತಿಯೊಂದು ಮೊತ್ತವನ್ನೂ ಅದರ ತಾರೀಖಿನ ಎದುರು ಬರೆಯಿರಿ. ವರ್ಷಕ್ಕೊಮ್ಮೆ ಬರುವ ವಿಮೆ, ತೆರಿಗೆ, ಶಾಲಾ ಶುಲ್ಕಗಳನ್ನು ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳ ಖರ್ಚಿಗೆ ಸೇರಿಸಿ. ಉಳಿಕೆ ಸೊನ್ನೆಗಿಂತ ಕೆಳಗಿಳಿಯುವ ದಿನಗಳಿಗೆ ಕೆಂಪು ಗುರುತು ಹಾಕಿ. ಬಿಲ್ಲಿನ ಅಥವಾ ಕಂತಿನ ತಾರೀಖನ್ನು ಸಂಬಳದ ನಂತರಕ್ಕೆ ಸರಿಸಿಕೊಡಿ ಎಂದು ಕೇಳಿದರೆ ಅನೇಕ ಸಂಸ್ಥೆಗಳು ಒಪ್ಪುತ್ತವೆ. ಕೆಂಪು ಗುರುತುಗಳಲ್ಲಿ ಕೆಲವಾದರೂ ಒಂದು ಪೈಸೆಯ ತ್ಯಾಗವಿಲ್ಲದೆ ಅಳಿಸಿಹೋಗುತ್ತವೆ.

ನನ್ನ ಕೆಲಸದ ದಿನಗಳು ವಾರಕ್ಕೆ ಆರರಿಂದ ನಾಲ್ಕಕ್ಕೆ ಇಳಿದಾಗ ನಾನು ಮೊದಲು ಮಾಡಿದ್ದು ಸಂಜೆಯ ತಿಂಡಿ ಬಿಟ್ಟದ್ದು. ಎರಡು ತಿಂಗಳು ಬಹಳ ಶಿಸ್ತಿನಿಂದ ಬಿಟ್ಟೆ. ಮೂರನೆಯ ತಿಂಗಳು ಇಂಥದೇ ಒಂದು ಹಾಳೆ ಬರೆಯುತ್ತಿದ್ದಾಗ, ವರ್ಷದಿಂದ ತೆರೆದೂ ನೋಡಿರದ ಎರಡು ಮೊಬೈಲ್ ಚಂದಾಗಳು 12ನೇ ತಾರೀಖಿನ ಎದುರು ಕಾಣಿಸಿದವು. ಎರಡೂ ಸೇರಿ ನನ್ನ ತಿಂಡಿಯ ಉಳಿತಾಯಕ್ಕಿಂತ ಹೆಚ್ಚಿನ ಮೊತ್ತ.

ಹೆಜ್ಜೆ 4: ಯಾರಿಗೆ ಮೊದಲು ಕೊಡುವುದು

ಎಲ್ಲರಿಗೂ ಕೊಡಲು ಹಣ ಸಾಲದಾದಾಗ ಮನುಷ್ಯ ಸಾಮಾನ್ಯವಾಗಿ ಜೋರಾಗಿ ಕೇಳುವವರಿಗೆ ಮೊದಲು ಕೊಡುತ್ತಾನೆ. ದಿನಕ್ಕೆ ಹತ್ತು ಸಲ ಫೋನ್ ಮಾಡುವ ವಸೂಲಿಗಾರನಿಗೆ ಕೊಟ್ಟು, ಸೌಮ್ಯವಾಗಿ ಒಂದು ಚೀಟಿ ಕಳುಹಿಸಿದ ಮನೆಯ ಮಾಲೀಕರನ್ನು ಮುಂದೂಡುತ್ತಾನೆ. ಕ್ರಮವನ್ನು ನಿರ್ಧರಿಸಬೇಕಾದದ್ದು ಕೇಳುವವರ ದನಿ ನೋಡಿಯಲ್ಲ, ಕೊಡದಿದ್ದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ನೋಡಿ. ತಲೆಯ ಮೇಲಿನ ಸೂರು, ಆಹಾರ, ನಿತ್ಯದ ಔಷಧಿ, ನೀರು ಮತ್ತು ವಿದ್ಯುತ್, ಕೆಲಸಕ್ಕೆ ಹೋಗಿಬರುವ ಖರ್ಚು ಮತ್ತು ಕೆಲಸಕ್ಕೆ ಬೇಕಾದ ಫೋನು: ಇವು ಮೊದಲ ಸಾಲಿನವು. ಮನೆ ಅಥವಾ ವಾಹನವನ್ನು ಒತ್ತೆಯಿಟ್ಟು ಪಡೆದ ಸಾಲವೂ ಇದೇ ಸಾಲಿಗೆ ಸೇರುತ್ತದೆ, ಏಕೆಂದರೆ ಕಂತು ತಪ್ಪಿದರೆ ವಸ್ತುವೇ ಕೈತಪ್ಪುತ್ತದೆ. ಒತ್ತೆಯಿಲ್ಲದ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ, ಕಂತಿನಲ್ಲಿ ಕೊಂಡ ಗೃಹೋಪಯೋಗಿ ಸಾಮಾನು ಇತ್ಯಾದಿ ಎರಡನೆಯ ಸಾಲಿನವು. ಎರಡನೆಯ ಸಾಲಿನವರಿಗೆ ಕೊಡಲೇಬಾರದೆಂದಲ್ಲ. ಅವರೊಂದಿಗೆ ಮಾತನಾಡಿ ಕಾಲಾವಕಾಶ ಪಡೆಯಬೇಕು.

ಹೆಜ್ಜೆ 5: ಸ್ಥಿರ ಖರ್ಚನ್ನು ಅಲುಗಾಡಿಸುವುದು

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವ, ಹಾಗೆಯೇ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಇಲ್ಲಿ ಒಂದೇ ನಿಯಮ: ಕಂತು ತಪ್ಪುವ ಮೊದಲೇ ಮಾತನಾಡಬೇಕು. ಒಂದೂ ಕಂತು ತಪ್ಪಿಸದೆ, “ಮುಂದಿನ ತಿಂಗಳಿಂದ ಆದಾಯ ಇಷ್ಟಕ್ಕೆ ಇಳಿಯುತ್ತದೆ, ಇಷ್ಟು ಕಟ್ಟಬಲ್ಲೆ” ಎಂದು ಕಾಗದದೊಂದಿಗೆ ಹೋದವರಿಗೆ ಸಿಗುವ ಕಿವಿ, ಮೂರು ಕಂತು ತಪ್ಪಿಸಿ ಫೋನ್ ಎತ್ತದೆ ಕೂತವರಿಗೆ ಸಿಗುವುದಿಲ್ಲ. ಹೋಗುವಾಗ ಗಂಟೆ ಇಳಿದ ಪತ್ರ, ದಿನಾಂಕಗಳ ಹಾಳೆ ಮತ್ತು ನೀವು ಖಂಡಿತವಾಗಿ ಕಟ್ಟಬಲ್ಲ ಮೊತ್ತ ಕೈಯಲ್ಲಿರಲಿ. ಮುಜುಗರಕ್ಕೆ ಒಪ್ಪಿಕೊಂಡ ದೊಡ್ಡ ಮೊತ್ತ ಎರಡನೆಯ ತಿಂಗಳಲ್ಲೇ ಮುರಿದುಬೀಳುತ್ತದೆ, ಆಮೇಲೆ ಮಾತಿಗೆ ಬೆಲೆ ಇರುವುದಿಲ್ಲ.

ಸಾಲದ ಅವಧಿಯನ್ನು ಹಿಗ್ಗಿಸಿ ಕಂತನ್ನು ಇಳಿಸಿಕೊಳ್ಳುವುದು ಸಾಮಾನ್ಯವಾಗಿ ಸಿಗುವ ಪರಿಹಾರ. ಅದರ ಬೆಲೆಯನ್ನು ತಿಳಿದೇ ಒಪ್ಪಬೇಕು. ವಾರ್ಷಿಕ ಶೇ. 12 ಬಡ್ಡಿಯ ಒಂದು ಲಕ್ಷದ ಸಾಲವನ್ನು 24 ತಿಂಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 4,707, ಒಟ್ಟು ಬಡ್ಡಿ ಸುಮಾರು 12,976. ಅದನ್ನೇ 36 ತಿಂಗಳಿಗೆ ಹಿಗ್ಗಿಸಿದರೆ ಕಂತು 3,321ಕ್ಕೆ ಇಳಿಯುತ್ತದೆ, ಬಡ್ಡಿ 19,571ಕ್ಕೆ ಏರುತ್ತದೆ. ತಿಂಗಳಿಗೆ 1,386ರಷ್ಟು ಉಸಿರಾಡಲು ಸಿಕ್ಕ ಜಾಗಕ್ಕೆ ಒಟ್ಟಾರೆ 6,595 ಹೆಚ್ಚು ತೆರುತ್ತೀರಿ. ಇಕ್ಕಟ್ಟಿನಲ್ಲಿರುವವರಿಗೆ ಇದು ನಷ್ಟದ ವ್ಯವಹಾರವೆಂದು ನಾನು ಹೇಳಲಾರೆ. ಸೂರು ಉಳಿಯುವುದಾದರೆ ಒಪ್ಪಬಹುದಾದದ್ದೇ. ಆದರೆ ಅವಧಿಗೆ ಮೊದಲೇ ಹೆಚ್ಚುವರಿಯಾಗಿ ಕಟ್ಟಿದರೆ ದಂಡವಿಲ್ಲ ಎಂಬುದನ್ನು ಖಚಿತಪಡಿಸಿಕೊಂಡೇ ಸಹಿ ಹಾಕಿ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಪಾವತಿ’ ಮಾತ್ರ ಪರಿಹಾರದ ವೇಷದಲ್ಲಿರುವ ಗುಂಡಿ. ತಿಂಗಳಿಗೆ ಶೇ. 3 ಬಡ್ಡಿ ಸೇರಿ, ಅದರ ಮೇಲೆ ಬಾಕಿಯ ಶೇ. 5ರಷ್ಟನ್ನು ಮಾತ್ರ ಕಟ್ಟುತ್ತಾ ಹೋದರೆ ಬಾಕಿ ತಿಂಗಳಿಗೆ ಸುಮಾರು ಶೇ. 2ರಷ್ಟಷ್ಟೇ ಇಳಿಯುತ್ತದೆ. ಹೊಸದಾಗಿ ಏನನ್ನೂ ಕೊಳ್ಳದಿದ್ದರೂ ಬಾಕಿ ಅರ್ಧಕ್ಕೆ ಬರಲು 32 ತಿಂಗಳು ಬೇಕು. ಹಲವು ಸಾಲಗಳಿದ್ದರೆ ಎಲ್ಲಕ್ಕೂ ಕನಿಷ್ಠ ಮೊತ್ತ ಕಟ್ಟಿ, ಹೆಚ್ಚಿಗೆ ಉಳಿದದ್ದನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಒಂದೇ ಸಾಲಕ್ಕೆ ಸುರಿಯುವುದು ಲೆಕ್ಕಕ್ಕೆ ಸರಿಯಾದ ಕ್ರಮ. ಅತಿ ಸಣ್ಣ ಸಾಲವನ್ನು ಮೊದಲು ತೀರಿಸಿ ಒಂದು ಕಂತನ್ನೇ ಇಲ್ಲವಾಗಿಸಿದರೆ ತಿಂಗಳ ಹೊರೆ ಬೇಗ ಇಳಿಯುತ್ತದೆ. ಆದಾಯ ಇಳಿದಿರುವಾಗ ಈ ಎರಡನೆಯ ಕ್ರಮಕ್ಕೂ ಅರ್ಥವಿದೆ.

ಬಾಡಿಗೆಯ ವಿಷಯದಲ್ಲಿ, ಶಾಶ್ವತವಾಗಿ ಇಳಿಸಿ ಎಂದು ಕೇಳುವುದಕ್ಕಿಂತ ಆರು ತಿಂಗಳ ಮಟ್ಟಿಗೆ ಏರಿಕೆ ತಡೆಹಿಡಿಯಿರಿ, ಅಥವಾ ಎರಡು ಕಂತುಗಳಲ್ಲಿ ಸ್ವೀಕರಿಸಿ ಎಂದು ಕೇಳಿದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಮನೆ ಬದಲಿಸುವ ಮೊದಲು ಸಾಗಣೆ, ಮುಂಗಡ, ಹೊಸ ಮನೆಯಿಂದ ಕೆಲಸಕ್ಕೆ ಓಡಾಟ ಎಲ್ಲವನ್ನೂ ಕೂಡಿಸಿ, ಆ ಖರ್ಚು ಎಷ್ಟು ತಿಂಗಳ ಬಾಡಿಗೆ ಉಳಿತಾಯದಲ್ಲಿ ಹಿಂದಿರುಗುತ್ತದೆ ಎಂದು ನೋಡಬೇಕು. ಆರು ತಿಂಗಳೊಳಗಾದರೆ ಯೋಚಿಸಬಹುದು. ಎರಡು ವರ್ಷವಾದರೆ ಇದ್ದಲ್ಲೇ ಇರುವುದು ಲೇಸು. ಆರೋಗ್ಯ ವಿಮೆಯನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ನಿಲ್ಲಿಸಬೇಡಿ, ಒಮ್ಮೆ ನಿಂತರೆ ಹಳೆಯ ಷರತ್ತುಗಳಲ್ಲಿ ಅದು ಮತ್ತೆ ಸಿಗದೇ ಹೋಗಬಹುದು.

ಹೆಜ್ಜೆ 6: ದಿನಸಿ ಮತ್ತು ವಿದ್ಯುತ್

1857ರಲ್ಲಿ ಜರ್ಮನ್ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್, ಕುಟುಂಬದ ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ದೊಡ್ಡದಾಗುತ್ತದೆ ಎಂದು ಅಂಕಿಅಂಶಗಳಿಂದ ತೋರಿಸಿದರು. ಆದಾಯ ಇಳಿದ ಮನೆಯಲ್ಲಿ ದಿನಸಿಯ ಪಾಲು ಹೆಚ್ಚಾದರೆ ಅದು ಮನೆ ನಡೆಸುವವರ ದುಂದುಗಾರಿಕೆಯಲ್ಲ ಎಂದು ತಿಳಿಯಲಾದರೂ ಈ ಮಾತು ನೆನಪಿರಬೇಕು.

ಅಂಗಡಿಯಲ್ಲಿ ಪೊಟ್ಟಣದ ಬೆಲೆಯ ಬದಲು ತೂಕದ ಬೆಲೆಯನ್ನು ನೋಡಿ. ಹಿಂದೆ 500 ಗ್ರಾಂ ಇದ್ದ ಸೋಪಿನ ಪುಡಿಯ ಪೊಟ್ಟಣ ಅದೇ ಬಣ್ಣ, ಅದೇ ಬೆಲೆಯಲ್ಲಿ 450 ಗ್ರಾಂಗೆ ಇಳಿದಿದ್ದರೆ ನಿಮಗೆ ತಿಳಿಯದಂತೆ ಬೆಲೆ ಶೇ. 11ರಷ್ಟು ಏರಿದೆ. ಪೊಟ್ಟಣದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ನಿವ್ವಳ ತೂಕದಿಂದ ಬೆಲೆಯನ್ನು ಭಾಗಿಸಲು ಮೊಬೈಲಿನಲ್ಲಿ ಹತ್ತು ಸೆಕೆಂಡು ಸಾಕು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವಾಗಿರುವುದಿಲ್ಲ. ಅಗ್ಗವಾಗಿದ್ದರೂ, 20ನೇ ತಾರೀಖಿಗೆ ಕೈ ಬರಿದಾಗುವುದಾದರೆ ಮೂರು ತಿಂಗಳ ಸಾಮಾನನ್ನು ಇಂದೇ ತುಂಬಿಡುವುದು ಜಾಣತನವಲ್ಲ.

ವಿದ್ಯುತ್ತಿನಲ್ಲಿ ಒಂದು ಯೂನಿಟ್ ಎಂದರೆ 1000 ವ್ಯಾಟಿನ ಉಪಕರಣ ಒಂದು ಗಂಟೆ ನಡೆದಾಗ ಆಗುವ ಬಳಕೆ. 10 ವ್ಯಾಟಿನ ಎಲ್‌ಇಡಿ ಬಲ್ಬು 100 ಗಂಟೆ ಉರಿದರೆ ಒಂದು ಯೂನಿಟ್. 2000 ವ್ಯಾಟಿನ ನೀರು ಕಾಯಿಸುವ ಹೀಟರ್ ಅರ್ಧ ಗಂಟೆಗೇ ಒಂದು ಯೂನಿಟ್. ಬಿಸಿ ಮಾಡುವ ಮತ್ತು ತಣ್ಣಗೆ ಮಾಡುವ ಯಂತ್ರಗಳ ಮೇಲೆ ಕಣ್ಣಿಟ್ಟರೆ ಬಿಲ್ಲು ಇಳಿಯುತ್ತದೆ, ಬಲ್ಬು ಆರಿಸಲಿಲ್ಲವೆಂದು ಮಕ್ಕಳನ್ನು ಗದರಿ ಆಗುವುದು ಅಷ್ಟಕ್ಕಷ್ಟೇ.

ಹೆಜ್ಜೆ 7: ಉಳಿದ ಗಂಟೆಗಳಿಗೆ ಬೆಲೆ ಕಟ್ಟುವುದು

ಖಾಲಿ ಸಿಕ್ಕ ಗಂಟೆಗಳನ್ನು ಸಿಕ್ಕಿದ ಮೊದಲ ಕೆಲಸಕ್ಕೆ ಮಾರಿಬಿಡುವ ಆತುರ ಬೇಡ. ಹೊಸ ಕೆಲಸದ ಕೂಲಿಯಿಂದ ಓಡಾಟ, ಊಟ, ತೆರಿಗೆ, ಸಲಕರಣೆಯ ಖರ್ಚು ಕಳೆಯಿರಿ. ಉಳಿದದ್ದನ್ನು ಕೆಲಸದ ಗಂಟೆಗಳ ಜೊತೆ ದಾರಿಯಲ್ಲಿ ಕಳೆದ ಗಂಟೆಗಳನ್ನೂ ಸೇರಿಸಿ ಭಾಗಿಸಿ. ನಾಲ್ಕು ಗಂಟೆಯ ಕೆಲಸಕ್ಕೆ ಎರಡು ಗಂಟೆ ದಾರಿಯಾದರೆ ಮೂರರಲ್ಲಿ ಒಂದು ಪಾಲು ಸಮಯ ಬಿಟ್ಟಿ ಹೋಯಿತು. ಕೈಯಲ್ಲಿರುವ ಕಸುಬನ್ನೇ, ಅದು ಹೊಲಿಗೆಯಿರಲಿ, ರಿಪೇರಿಯಿರಲಿ, ಪಾಠ ಹೇಳುವುದಿರಲಿ, ಮನೆಯ ಹತ್ತಿರ ಮಾಡುವುದು ಹಲವು ಸಲ ದೂರದ ಹೆಚ್ಚುವರಿ ಶಿಫ್ಟಿಗಿಂತ ಲಾಭದಾಯಕ. ಮನೆಯಲ್ಲೇ ಕುಳಿತು ದುಡಿಯಿರಿ ಎಂದು ಹೇಳಿ ಮೊದಲು ನಿಮ್ಮಿಂದಲೇ ನೋಂದಣಿ ಹಣ ಕೇಳುವವರು ಕೆಲಸ ಕೊಡುವವರಲ್ಲ. ಆದಾಯ ಇಳಿದವರನ್ನು ಹುಡುಕಿಕೊಂಡೇ ಅವರು ಬರುತ್ತಾರೆ.

ಕೆಲಸದ ಸಲಕರಣೆ, ವಾಹನ, ಹೊಲಿಗೆ ಯಂತ್ರ, ಕಂಪ್ಯೂಟರ್ ಮುಂತಾದ ದುಡಿಮೆಯ ಮೂಲಗಳನ್ನು ಮಾರುವುದು ಕೊನೆಯ ಉಪಾಯವಾಗಿರಲಿ. ಕೈಸಾಲ ತರಲೇಬೇಕಾದರೆ ಅದು ಒಂದು ನಿರ್ದಿಷ್ಟ ತಿಂಗಳ ಒಂದು ನಿರ್ದಿಷ್ಟ ಕಂದಕಕ್ಕಿರಲಿ, ಪ್ರತಿ ತಿಂಗಳ ಕೊರತೆಯನ್ನು ಸಾಲದಿಂದ ತುಂಬುತ್ತಾ ಹೋದರೆ ಮುಂದಿನ ತಿಂಗಳ ಸ್ಥಿರ ಖರ್ಚೇ ಬೆಳೆಯುತ್ತದೆ. ಆಪತ್ತಿಗೆಂದು ಇಟ್ಟ ಹಣವಿದ್ದರೆ ಅದನ್ನು ಮುಟ್ಟಲು ಹಿಂಜರಿಯಬೇಡಿ. ಆಪತ್ತು ಎಂದರೆ ಇದೇ. ಆದರೆ ತಿಂಗಳಿಗೆ ಇಷ್ಟೇ ಎಂದು ಮೊದಲೇ ಗೊತ್ತುಮಾಡಿ, ಅಷ್ಟನ್ನೇ ತೆಗೆಯಿರಿ.

ಹೆಜ್ಜೆ 8: ಮನೆಯವರೊಂದಿಗೆ ಮಾತು, ವಾರಕ್ಕೊಂದು ನೋಟ

ಒಬ್ಬರೇ ಗುಟ್ಟಾಗಿ ಲೆಕ್ಕ ಹೊಂದಿಸಲು ಹೋದರೆ ಉಳಿದವರಿಗೆ ಅದು ಜಿಪುಣತನದಂತೆ ಕಾಣುತ್ತದೆ. ದಿನಾಂಕಗಳ ಹಾಳೆಯನ್ನು ಮೇಜಿನ ಮೇಲೆ ಹರಡಿ ಎಲ್ಲರಿಗೂ ತೋರಿಸಿ. ಮಕ್ಕಳಿಗೆ ಅಂಕಿಗಳ ಭಾರ ಬೇಡ, ಆದರೆ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂಬುದು ಅವರಿಗೆ ತಿಳಿದಿರಬೇಕು. ಪ್ರತಿಯೊಬ್ಬರಿಗೂ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ಸಣ್ಣ ಮೊತ್ತವನ್ನು ಉಳಿಸಿಕೊಡಿ. ಅದೂ ಇಲ್ಲದ ಬಿಗಿ ಯೋಜನೆಗಳು ಹೆಚ್ಚು ದಿನ ಬಾಳುವುದನ್ನು ನಾನು ಕಂಡಿಲ್ಲ. ಆಮೇಲೆ ವಾರಕ್ಕೊಮ್ಮೆ, ಗೊತ್ತಾದ ಒಂದು ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಕುಳಿತು ಹಾಳೆಯ ಉಳಿಕೆಯನ್ನು ಬ್ಯಾಂಕಿನ ಉಳಿಕೆಯೊಂದಿಗೆ ಹೋಲಿಸಿದರೆ ಸಾಕು. ದಿನವೂ ನೋಡುತ್ತಿದ್ದರೆ ಆತಂಕ ಬೆಳೆಯುತ್ತದೆ. ತಿಂಗಳಿಗೊಮ್ಮೆ ನೋಡಿದರೆ ತಿದ್ದಲು ಸಮಯವಿರುವುದಿಲ್ಲ.

ಗಂಟೆಗಳು ಮರಳಿ ಬಂದಾಗ

ಕೆಲಸ ಹಿಂದಿನ ಗಂಟೆಗಳಿಗೆ ಮರಳಿದರೆ ಮೊದಲ ಮೂರು ತಿಂಗಳು ಇಳಿದ ಸಂಬಳದ ಹಾಳೆಯಲ್ಲೇ ಮನೆ ನಡೆಸಿ. ಹೆಚ್ಚಾಗಿ ಬಂದ ಹಣ ಮೊದಲು ಹೋಗಬೇಕಾದದ್ದು ಮುಂದೂಡಿದ್ದ ಬಾಕಿಗಳಿಗೆ, ನಂತರ ಅವಧಿ ಹಿಗ್ಗಿಸಿದ ಸಾಲದ ಅಸಲಿಗೆ, ಆಮೇಲೆ ಒಂದು ತಿಂಗಳ ಸ್ಥಿರ ಖರ್ಚಿಗೆ ಸಮನಾದ ಮೀಸಲಿಗೆ. ಮೇಲಿನ ಉದಾಹರಣೆಯಲ್ಲಿ ಸ್ಥಿರ ಖರ್ಚನ್ನು 45ಕ್ಕೆ ಇಳಿಸಿಕೊಂಡ ಮನೆಗೆ, ಆದಾಯ 80ರಿಂದ 100ಕ್ಕೆ ಮರಳಿದ ಮೇಲೆ, ಬಾಕಿಗಳು ತೀರಿದ್ದರೆ, ತಿಂಗಳಿಗೆ 20ರಂತೆ ಆ ಮೀಸಲನ್ನು ಕೂಡಿಸಲು ಎರಡೂಕಾಲು ತಿಂಗಳು ಬೇಕು.